ಉಪ್ಪುನೀರು ತಿಂದ ಪಿಕಪ್ಪಿನ ಬಾಡಿ ಸರಿಪಡಿಸುವುದು: ಕರಾವಳಿಯ ಹವೆಗೆ ತಕ್ಕ ಸಮಗ್ರ ಮಾರ್ಗದರ್ಶಿ

ಮಲ್ಪೆ ಬಂದರಿನಿಂದಲೋ ಮಂಗಳೂರಿನ ದಕ್ಕೆಯಿಂದಲೋ ಹತ್ತು ಹನ್ನೆರಡು ವರ್ಷ ಮೀನು ಹೊತ್ತ ಪಿಕಪ್ಪನ್ನು ಕೊಳ್ಳಲು ಹೋದವರು ಎಂಜಿನ್ನಿನ ಸದ್ದು ಕೇಳುತ್ತಾರೆ, ಟಯರ್ ನೋಡುತ್ತಾರೆ, ಆರ್‌ಸಿ, ವಿಮೆ ತಿರುವಿ ಹಾಕುತ್ತಾರೆ. ಕ್ಯಾಬಿನ್ನಿನೊಳಗಿನ ಮ್ಯಾಟ್ ಎತ್ತಿ ನೋಡುವವರು ಕಡಿಮೆ. ನಾನೂ ಎತ್ತಿರಲಿಲ್ಲ. ಗಾಡಿ ಅಂಗಳಕ್ಕೆ ಬಂದ ಮೂರನೆಯ ದಿನ ಎತ್ತಿದಾಗ ಅದರ ಅಡಿಯ ಫೆಲ್ಟು ನೆನೆದ ಗೋಣಿಯಂತೆ ಭಾರವಾಗಿತ್ತು, ಹಳೆಯ ಬಂಗುಡೆಯ ವಾಸನೆ ಮೂಗಿಗೆ ಹೊಡೆಯಿತು, ಕ್ಲಚ್ ಪೆಡಲಿನ ಕೆಳಗೆ ಹೆಬ್ಬೆರಳು ಒತ್ತಿದ್ದೇ ತಗಡು ಹಪ್ಪಳದಂತೆ ಮುರಿದು ಅಂಗಳದ ಕೆಂಪು ಮಣ್ಣು ಕಾಣಿಸಿತು. ಆ ಗಾಡಿಯಲ್ಲಿ ಮಾಡಿದ ತಪ್ಪುಗಳಿಂದಲೂ ಆಮೇಲೆ ಇನ್ನೆರಡು ಗಾಡಿಗಳಲ್ಲಿ ಅವನ್ನು ತಿದ್ದಿಕೊಂಡ ಅನುಭವದಿಂದಲೂ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ತುಕ್ಕು ಹಿಡಿದ ಪ್ರತಿಯೊಂದು ಜಾಗಕ್ಕೂ ನೀರು ಬರುವ ಒಂದು ದಾರಿ ಇರುತ್ತದೆ ಮತ್ತು ಅದು ನಿಲ್ಲುವ ಒಂದು ಮೂಲೆ ಇರುತ್ತದೆ. ಇವೆರಡನ್ನೂ ಹುಡುಕದೆ ಎಷ್ಟು ಒಳ್ಳೆಯ ತಗಡು ಕೂರಿಸಿದರೂ, ಎಷ್ಟು ದುಬಾರಿ ಬಣ್ಣ ಹೊಡೆಸಿದರೂ, ಎರಡನೆಯ ಮಳೆಗಾಲಕ್ಕೆ ಅದೇ ಜಾಗ ಉಬ್ಬಿ ಬರುತ್ತದೆ. ಕೆಳಗಿನ ಎಲ್ಲ ಹಂತಗಳೂ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ.

ಕಾಲದ ಲೆಕ್ಕ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಗಾಡಿಗಳಿಗೆ ಬಾಡಿಗೆ ಇಲ್ಲದ ಕಾಲ ಅದೇ ಆದ್ದರಿಂದ ಟಿಂಕರಿಂಗ್ (ಬಾಡಿಯ ತಗಡಿನ ರಿಪೇರಿ) ಮತ್ತು ಪೇಂಟಿಂಗ್ ಎರಡಕ್ಕೂ ಗಾಡಿಯನ್ನು ಆಗಲೇ ಶೆಡ್ಡಿಗೆ ಬಿಡುವುದು ರೂಢಿ. ವ್ಯಾಪಾರದ ಲೆಕ್ಕದಲ್ಲಿ ಇದು ಸರಿ, ಆದರೆ ಬಣ್ಣದ ಲೆಕ್ಕದಲ್ಲಿ ಇಷ್ಟು ಕೆಟ್ಟ ಮುಹೂರ್ತ ಇನ್ನೊಂದಿಲ್ಲ. ಗಾಳಿಯ ತೇವಾಂಶ ಶೇಕಡ 85ನ್ನು ಮೀರಿದಾಗ ಬಣ್ಣ ಹೊಡೆಯಬಾರದು ಎಂಬುದು ಈ ಕಸುಬಿನ ಸಾಮಾನ್ಯ ನಿಯಮ; ಆಟಿಯ, ಅಂದರೆ ಆಷಾಢದ ಹೊತ್ತಿನ ತುಳು ತಿಂಗಳ, ಮಳೆಯಲ್ಲಿ ನಮ್ಮಲ್ಲಿ ತೇವಾಂಶ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ.

ಆದ್ದರಿಂದ ಕೆಲಸವನ್ನು ಎರಡು ಪಾಲು ಮಾಡಿಕೊಳ್ಳುವುದು ನನ್ನ ಸಲಹೆ. ನೀರಿನ ದಾರಿ ಪತ್ತೆ ಮಾಡಲು ಮಳೆಗಾಲದಷ್ಟು ಒಳ್ಳೆಯ ಪರೀಕ್ಷಕ ಇಲ್ಲವಾದ್ದರಿಂದ ಜೂನ್ ಮತ್ತು ಜುಲೈ ತಿಂಗಳಲ್ಲಿ ಸೋರಿಕೆ ಹುಡುಕಿ, ಮಾಡಿನಡಿಯಲ್ಲಿ ತಗಡಿನ ಕೆಲಸ ಮುಗಿಸಿ, ಅಂದಂದು ಬರಿದಾದ ಲೋಹಕ್ಕೆ ಅಂದಂದೇ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲು ಲೋಹಕ್ಕೆ ಬಳಿಯುವ ಅಡಿಕೋಟು) ಹಚ್ಚಿ ಇಡಬೇಕು. ಮೇಲ್ಬಣ್ಣವನ್ನು ಡಿಸೆಂಬರ್ ಅಥವಾ ಜನವರಿಗೆ ಮುಂದೂಡಬೇಕು. ಆಗ ನಾಲ್ಕೈದು ದಿನದ ಬಾಡಿಗೆ ತಪ್ಪುತ್ತದೆ, ಅಷ್ಟೇ. ನವರಾತ್ರಿಯ ಆಯುಧ ಪೂಜೆಗೆ ಗಾಡಿ ಮಿಂಚಬೇಕೆಂದು ಅವಸರ ಮಾಡುವವರು ಬಹಳ. ಪ್ರೈಮರಿನ ಬೂದು ಬಣ್ಣದಲ್ಲೇ ಗಾಡಿಗೆ ಹೂಮಾಲೆ ಹಾಕಿದರೆ ದೇವಿಗೇನೂ ಬೇಸರವಿಲ್ಲ ಎಂದು ನಾನು ಮನೆಯವರಿಗೆ ಹೇಳಬೇಕಾಯಿತು.

ಪರೀಕ್ಷೆ

ಮೊದಲು ಗಾಡಿಯನ್ನು ತಳದಿಂದ ತೊಳೆಯಿರಿ. ಮುರಕಲ್ಲು, ಜಲ್ಲಿ ಹೊತ್ತ ಗಾಡಿಗಳ ಅಡಿಯಲ್ಲಿ ಅಂಟಿದ ನಮ್ಮ ಕೆಂಪು ಮಣ್ಣಿಗೆ ಬಣ್ಣ ಬಂದಿರುವುದೂ ಕಬ್ಬಿಣದ ಆಕ್ಸೈಡಿನಿಂದಲೇ, ಹೀಗಾಗಿ ಮಣ್ಣು ಯಾವುದು ತುಕ್ಕು ಯಾವುದು ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ತೊಳೆಯುವ ನೀರು ಸಿಹಿನೀರೇ ಆಗಿರಬೇಕು. ಕಡಲ ತಡಿಯ ಅನೇಕ ಬಾವಿಗಳ ನೀರು ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುತ್ತದೆ. ಬಾಯಿಗೆ ಹಾಕಿದರೆ ಸಪ್ಪೆಯೆನಿಸದ ನೀರನ್ನು ಗಾಡಿಗೂ ಹಾಕಬೇಡಿ. ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು ಶೇಕಡ 75 ದಾಟಿದೊಡನೆ ತಾನೇ ನೀರು ಹೀರಿ ಕರಗುತ್ತದೆ. ಉಪ್ಪಂಟಿದ ತಗಡು ಮಳೆ ಇಲ್ಲದ ದಿನವೂ ಒದ್ದೆಯಾಗಿಯೇ ಇರುವುದಕ್ಕೆ ಕಾರಣ ಇದು, ನಮ್ಮ ಗಾಡಿಗಳು ಘಟ್ಟದ ಮೇಲಿನ ಗಾಡಿಗಳಿಗಿಂತ ಬೇಗ ಹಾಳಾಗುವುದಕ್ಕೆ ದೊಡ್ಡ ಕಾರಣವೂ ಇದೇ.

ಗಾಡಿ ಒಣಗಿದ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಬಾಡಿಯುದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿ (ತಗ್ಗು ಮುಚ್ಚಲು ಬಳಿಯುವ ಲೇಪ) ತುಂಬಿದ ಜಾಗ ಡಬ್ ಎನ್ನುತ್ತದೆ. ಅನುಮಾನವಿದ್ದಲ್ಲಿ ತೆಳುಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತವನ್ನು ಹಿಡಿದು ನೋಡಿ. ದಪ್ಪ ಪುಟ್ಟಿಯ ಮೇಲೆ ಅದು ನಿಲ್ಲದೆ ಜಾರುತ್ತದೆ. ನನ್ನ ಗಾಡಿಯ ಎಡ ಮಡ್‌ಗಾರ್ಡಿನ ಮೇಲೆ ಒಬ್ಬ ವೃದ್ಧ ಟಿಂಕರ್ ಹೀಗೆಯೇ ಕೈಯಾಡಿಸಿ, "ಇದು ತಗಡಿನ ಗಾಡಿಯಲ್ಲ ಮಾರಾಯ್ರೆ, ಪುಟ್ಟಿಯ ಗಾಡಿ" ಎಂದರು. ಉಜ್ಜಿದಾಗ ಬೆರಳಿನಷ್ಟು ದಪ್ಪದ ಪುಟ್ಟಿಯ ಹಿಂದೆ ಹಳೆಯ ಡಬ್ಬಿಯೊಂದರ ತಗಡು ಸಿಕ್ಕಿತು, ಅದರ ಮೇಲಿನ ಎಣ್ಣೆ ಕಂಪನಿಯ ಅಕ್ಷರಗಳನ್ನು ಇನ್ನೂ ಓದಬಹುದಾಗಿತ್ತು.

ತಪ್ಪದೆ ನೋಡಬೇಕಾದ ಜಾಗಗಳೆಂದರೆ ಬಾಗಿಲುಗಳ ತಳ, ಫುಟ್‌ಬೋರ್ಡು, ಚಕ್ರದ ಮೇಲಿನ ಕಮಾನು, ಬ್ಯಾಟರಿಯ ತಟ್ಟೆ, ಮುಂಗಾಜಿನ ರಬ್ಬರ್ ಬೀಡಿಂಗಿನ ಅಡಿ, ಕ್ಯಾಬಿನ್ ಚಾಸಿಸ್ಸಿನ ಮೇಲೆ ಕೂರುವ ಜಾಗ, ಮತ್ತು ಹಿಂದಿನ ಡಾಲಾದ, ಅಂದರೆ ಸರಕು ತುಂಬುವ ತೊಟ್ಟಿಯ, ನೆಲಕ್ಕೆ ಆಧಾರವಾದ ಅಡ್ಡಪಟ್ಟಿಗಳು. ಬಾಗಿಲಿನ ತಳದಲ್ಲಿ ನೀರು ಹೊರಹೋಗಲೆಂದು ಸಣ್ಣ ತೂತುಗಳಿರುತ್ತವೆ. ನನ್ನ ಗಾಡಿಯ ಒಂದೊಂದು ತೂತಿನಿಂದಲೂ ಮೀನಿನ ಹುರುಪೆ, ಮಣ್ಣು, ಹಳೆಯ ಗ್ರೀಸು ಸೇರಿ ಗಟ್ಟಿಯಾದ ಬಿರಡೆಗಳು ಹೊರಬಂದವು, ಅವುಗಳ ಹಿಂದೆ ಅರ್ಧ ಲೋಟದಷ್ಟು ಕಂದು ನೀರು ಇಳಿಯಿತು. ಗಾಜು ಇಳಿಸುವ ಮೆಷಿನ್ ರಿಪೇರಿಯಾಗಿದ್ದ ಬಾಗಿಲಾದರೆ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದೆಯೇ ನೋಡಿ. ಗಾಜಿನ ಮೇಲಿಂದ ಇಳಿದ ನೀರನ್ನು ಬಾಗಿಲೊಳಗೇ ತಡೆದು ಕೆಳಗಿನ ತೂತಿಗೆ ಕಳಿಸುವುದು ಆ ಹಾಳೆ, ಅದಿಲ್ಲದಿದ್ದರೆ ನೀರು ನೇರ ಮ್ಯಾಟಿನಡಿಗೆ ಬರುತ್ತದೆ.

ಡಾಲಾದ ನೆಲಕ್ಕೆ ಅಲ್ಯೂಮಿನಿಯಂ ಶೀಟ್ ಹೊದಿಸಿದ್ದರೆ ಅದನ್ನು ಬಿಚ್ಚಲೇಬೇಕು. ಮೇಲಿನಿಂದ ಅದು ಚೊಕ್ಕವಾಗಿ ಕಂಡರೂ ಮಂಜುಗಡ್ಡೆ ಕರಗಿದ ಉಪ್ಪುನೀರು ಎರಡು ಶೀಟುಗಳ ನಡುವೆ ಸೇರಿಕೊಂಡು ಒಣಗುವುದೇ ಇಲ್ಲ. ಕಬ್ಬಿಣದ ಬೋಲ್ಟು ತಾಗಿದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ, ಕೆಳಗಿನ ಕಬ್ಬಿಣದ ನೆಲ ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತದೆ.

ಚಾಸಿಸ್ಸಿನ ವಿಷಯದಲ್ಲಿ ಮಾತ್ರ ಧೈರ್ಯ ಮಾಡಬಾರದು. ಸುತ್ತಿಗೆಯ ಸಣ್ಣ ಪೆಟ್ಟಿಗೆ ಪದರ ಪದರವಾಗಿ ಉದುರುತ್ತಿದ್ದರೆ, ಅದರಲ್ಲೂ ಲೀಫ್ ಸ್ಪ್ರಿಂಗಿನ ಬ್ರಾಕೆಟ್ಟುಗಳ ಹತ್ತಿರ ತೂತು ಕಂಡರೆ, ಬಾಡಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಅಲ್ಲಿಗೇ ನಿಲ್ಲಿಸಿ. ಹೊರೆ ಹೊತ್ತು ಓಡುವ ಗಾಡಿಯ ಚಾಸಿಸ್ಸಿಗೆ ಅಂಗಳದಲ್ಲಿ ತೇಪೆ ಹಾಕುವುದು ಇತರರ ಜೀವದ ಜೊತೆಗೂ ಆಡುವ ಆಟ. ಗ್ರೈಂಡರ್ ಹಿಡಿಯುವ ಮುನ್ನ ಚಾಸಿಸ್ ನಂಬರ್ ಕೊರೆದ ಜಾಗಕ್ಕೆ ಟೇಪ್ ಸುತ್ತಿ ಗುರುತು ಮಾಡಿಡಿ. ಆ ಅಂಕಿಗಳು ಮಸುಕಾದರೆ ಎಫ್‌ಸಿಯ (ಆರ್‌ಟಿಒ ಫಿಟ್‌ನೆಸ್ ತಪಾಸಣೆಯ) ಸಮಯದಲ್ಲಿ ಉತ್ತರ ಕೊಡುವುದು ಕಷ್ಟ.

ಬಿಚ್ಚುವುದು, ಉಜ್ಜುವುದು

ಬ್ಯಾಟರಿಯನ್ನು ಕಳಚಿ ಹೊರಗಿಡಿ. ಸೀಟು, ಮ್ಯಾಟು, ಬಾಗಿಲಿನ ಒಳಹೊದಿಕೆ, ದೀಪಗಳು, ಬೀಡಿಂಗುಗಳನ್ನು ತೆಗೆಯಿರಿ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೆ ಬೆಳಿಗ್ಗೆ ಅರ್ಧ ಜಗಳ ಕಡಿಮೆ. ಮುಂಗಾಜಿನ ಅಂಚಿನಲ್ಲಿ ಗುಳ್ಳೆ ಕಂಡರೆ ಗಾಜನ್ನು ಬಿಚ್ಚಿಸಲೇಬೇಕು. ಬೀಡಿಂಗಿನ ಹೊರಗಷ್ಟೇ ಉಜ್ಜಿ ಬಣ್ಣ ಹಚ್ಚಿದರೆ ಒಳಗಿನ ತುಕ್ಕು ತನ್ನ ಕೆಲಸ ಮುಂದುವರಿಸುತ್ತದೆ. ಹಳೆಯ ಬೀಡಿಂಗನ್ನು ಮತ್ತೆ ಹಾಕಬೇಡಿ.

ಗ್ರೈಂಡರಿಗೆ ವೈರ್ ಕಪ್ ಹಾಕಿ ಸಡಿಲ ತುಕ್ಕನ್ನೂ ಬಣ್ಣವನ್ನೂ ತೆಗೆಯಿರಿ, ಬಳಿಕ 80ರ ಗ್ರಿಟ್ಟಿನ (ಉಜ್ಜುಕಾಗದದ ಒರಟುತನದ ಅಂಕಿ) ಫ್ಲಾಪ್ ಡಿಸ್ಕನ್ನು ಹಗುರವಾಗಿ ಆಡಿಸಿ. ಕ್ಯಾಬಿನ್ನಿನ ತಗಡು 1 ಮಿಲಿಮೀಟರಿಗಿಂತಲೂ ತೆಳುವಾಗಿರುವುದರಿಂದ ಡಿಸ್ಕನ್ನು ಒಂದೇ ಕಡೆ ಒತ್ತಿ ಹಿಡಿದರೆ ತುಕ್ಕಿನ ಜೊತೆ ತಗಡೂ ಹೋಗುತ್ತದೆ. ಕನ್ನಡಕ ಮತ್ತು ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ, ವೈರ್ ಕಪ್ಪಿನ ತಂತಿಗಳು ಸೂಜಿಯಂತೆ ಹಾರುತ್ತವೆ.

ಉಜ್ಜಿದ ಮೇಲೆ ತಗಡಿನಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳು ಉಳಿಯುತ್ತವೆ. ಉಪ್ಪು ಅಡಗಿರುವುದು ಅಲ್ಲಿಯೇ. ಸಿಹಿನೀರು ಹಾಕಿ ಗಡಸು ಬ್ರಷ್ಷಿನಿಂದ ತಿಕ್ಕಿ, ಕೂಡಲೇ ಬ್ಲೋವರಿನಿಂದ ಒಣಗಿಸಿ. ಒಂದು ಗಂಟೆಯೊಳಗೆ ಆ ಚುಕ್ಕೆಗಳ ಸುತ್ತ ಮತ್ತೆ ಕಿತ್ತಳೆ ಬಣ್ಣ ಮೂಡಿದರೆ ಉಪ್ಪು ಇನ್ನೂ ಇದೆ ಎಂದು ತಿಳಿದು ಮತ್ತೊಮ್ಮೆ ತೊಳೆಯಬೇಕು. ನಾನು ಮೂರು ಸಲ ತೊಳೆದ ಭಾಗಗಳೂ ಇವೆ. ಆಮೇಲೂ ಉಳಿಯುವ ಕಲೆಗೆ ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಹಚ್ಚಬಹುದು. ಅದು ತುಕ್ಕನ್ನು ಕಪ್ಪಾದ ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ಆದರೆ ಅದರ ಆಮ್ಲ ಉಳಿದ ಜಾಗದ ಮೇಲೆ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಕನ್ವರ್ಟರ್ ಬಳಸಿದರೆ ಡಬ್ಬಿಯಲ್ಲಿ ಹೇಳಿದಂತೆ ತೊಳೆದು ಒಣಗಿಸುವುದನ್ನು ತಪ್ಪಿಸಬಾರದು. ಪದರ ಕಟ್ಟಿದ ತುಕ್ಕಿನ ಮೇಲೆ ಕನ್ವರ್ಟರ್ ಸುರಿದು ಕೈ ತೊಳೆದುಕೊಳ್ಳುವುದು ಹಣ ಸುರಿದಂತೆ.

ಕೊಯ್ದು ತೇಪೆ ಹಾಕುವುದು

ತೂತಾದ ಜಾಗವನ್ನು ಅದರ ಸುತ್ತ ಗಟ್ಟಿ ತಗಡು ಸಿಗುವವರೆಗೆ, ಕನಿಷ್ಠ 2 ಸೆಂಟಿಮೀಟರಿನಷ್ಟು ಹೆಚ್ಚುವರಿಯಾಗಿ, 1 ಮಿಲಿಮೀಟರ್ ದಪ್ಪದ ಕಟಿಂಗ್ ಚಕ್ರದಿಂದ ಕೊಯ್ಯಿರಿ. ಇಲ್ಲಿ ಕೈ ಬಿಗಿ ಮಾಡಿದವರೇ ಮುಂದೆ ಹೆಚ್ಚು ಖರ್ಚು ಮಾಡುತ್ತಾರೆ, ಏಕೆಂದರೆ ಅರ್ಧ ಸವೆದ ತಗಡು ವೆಲ್ಡಿಂಗಿನ ಶಾಖಕ್ಕೆ ಕರಗಿ ತೂತು ದೊಡ್ಡದಾಗುತ್ತಲೇ ಹೋಗುತ್ತದೆ. ಕೊಯ್ದ ಆಕಾರವನ್ನು ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ ಇಳಿಸಿಕೊಂಡು, ಆ ಅಳತೆಗೆ ಹೊಸ ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟನ್ನು ಕತ್ತರಿಸಿ.

ಕ್ಯಾಬಿನ್ನಿನ ಭಾಗಗಳಿಗೆ 20 ಗೇಜ್, ಡಾಲಾದ ನೆಲಕ್ಕೆ 16 ಗೇಜ್, ಅಂದರೆ ಸುಮಾರು 1.6 ಮಿಲಿಮೀಟರ್, ಸಾಕಾಗುತ್ತದೆ. "ಇರಲಿ ಗಟ್ಟಿಯಾಗಿ" ಎಂದು 3 ಮಿಲಿಮೀಟರಿನ ಶೀಟ್ ಹಾಕಿಸುವವರು ಒಂದು ಲೆಕ್ಕ ಮಾಡಬೇಕು. ಒಂದು ಚದರ ಮೀಟರ್ ಉಕ್ಕಿನ ಶೀಟ್ ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕಿಲೋ ತೂಗುತ್ತದೆ. ಎರಡೂವರೆ ಮೀಟರ್ ಉದ್ದ, 1.7 ಮೀಟರ್ ಅಗಲದ ನೆಲಕ್ಕೆ 16 ಗೇಜಿನಲ್ಲಿ ಸುಮಾರು 53 ಕಿಲೋ ಆದರೆ 3 ಮಿಲಿಮೀಟರಿನಲ್ಲಿ 100 ಕಿಲೋ. ಆ ಹೆಚ್ಚಿನ ಭಾರವನ್ನು ಗಾಡಿ ಪ್ರತಿ ಓಟದಲ್ಲೂ ಬಿಟ್ಟಿಯಾಗಿ ಹೊರುತ್ತದೆ.

ಗ್ಯಾಸ್ ವೆಲ್ಡಿಂಗಿನ ಶಾಖ ಅಗಲಕ್ಕೆ ಹರಡಿ ತೆಳು ತಗಡನ್ನು ಅಲೆಯಲೆಯಾಗಿ ಸೊಟ್ಟ ಮಾಡುವುದರಿಂದ ಬಾಡಿಗೆ ಸಿಒಟು (ಕಾರ್ಬನ್ ಡೈಆಕ್ಸೈಡ್ ಅನಿಲದ ರಕ್ಷಣೆಯಲ್ಲಿ ತಂತಿ ಕರಗಿಸುವ) ವೆಲ್ಡಿಂಗ್ ಮಾಡಿಸುವುದು ಮೇಲು. ಅದರಲ್ಲೂ ಒಂದೇ ಉಸಿರಿಗೆ ಗೆರೆ ಎಳೆಯದೆ, ಎರಡು ಮೂರು ಸೆಂಟಿಮೀಟರಿಗೊಂದು ಚುಕ್ಕೆ ಇಟ್ಟು, ಒಂದು ಮೂಲೆಯಾದ ಮೇಲೆ ಎದುರು ಮೂಲೆ ಎಂಬಂತೆ ಜಾಗ ಬದಲಿಸುತ್ತಾ, ನಡುವೆ ತಣಿಯಲು ಬಿಟ್ಟು ಚುಕ್ಕೆಗಳನ್ನು ಕೂಡಿಸಬೇಕು. ಅರ್ಥ್ ಕ್ಲಾಂಪು ವೆಲ್ಡಿಂಗಿನ ಹತ್ತಿರವೇ ಇರಲಿ. ಡೀಸೆಲ್ ಟ್ಯಾಂಕು, ಪೈಪುಗಳ ಬಳಿ ಕೆಲಸವಿದ್ದರೆ ಅವನ್ನು ಕಳಚಿ ದೂರ ಇಡಿ, ಪಕ್ಕದಲ್ಲಿ ಬಕೆಟ್ ನೀರು, ಒದ್ದೆ ಗೋಣಿ ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೂ ಒಂದು ಗಂಟೆ ಗಾಡಿಯ ಬಳಿಯೇ ಇರಿ. ಜಿಐ (ಸತು ಲೇಪಿಸಿದ) ಶೀಟ್ ಬಳಸುವುದಾದರೆ ವೆಲ್ಡಿಂಗ್ ಆಗುವ ಅಂಚಿನ ಸತುವನ್ನು ಮೊದಲೇ ಉಜ್ಜಿ ತೆಗೆಯಿರಿ. ಸತುವಿನ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತದೆ ಎಂಬ ಶೆಡ್ಡಿನ ಮಾತನ್ನು ನಂಬದೆ ಗಾಳಿಯಾಡುವ ಕಡೆ ಕೆಲಸ ಮಾಡಿ.

ತೇಪೆಯನ್ನು ಒಂದರ ಮೇಲೊಂದು ಕೂರಿಸಬೇಕಾದಲ್ಲಿ ಮಾಡಿನ ಹಂಚನ್ನು ನೆನಪಿಸಿಕೊಳ್ಳಿ. ಮೇಲಿನ ಹಂಚು ಕೆಳಗಿನದರ ಮೇಲೆ ಬರುವಂತೆ, ನೀರು ಇಳಿಯುವ ದಿಕ್ಕಿನಲ್ಲಿ ಮೇಲಿನ ತಗಡು ಹೊರಗಿರಬೇಕು. ಇದನ್ನು ತಿರುವುಮುರುವು ಮಾಡಿದರೆ ಆ ಅಂಚೇ ಮುಂದಿನ ಮಳೆಗಾಲದ ಬಟ್ಟಲು. ಎರಡು ತಗಡು ಮುಖಾಮುಖಿಯಾಗುವ ಒಳಭಾಗಕ್ಕೆ ಆಮೇಲೆ ಬ್ರಷ್ ಹೋಗದ ಕಾರಣ, ವೆಲ್ಡಿಂಗ್ ತಡೆದುಕೊಳ್ಳುವ ಸತುವಿನ ಪ್ರೈಮರನ್ನು ಕೂರಿಸುವ ಮೊದಲೇ ಹಚ್ಚಬೇಕು. ಹೊಸ ತೇಪೆ ಹಳೆಯ ನೀರಿನ ತೂತನ್ನು ಮುಚ್ಚಿದ್ದರೆ ಅಲ್ಲಿಯೇ ಮತ್ತೆ ಕೊರೆಯಿರಿ. ಡಾಲಾದ ನೆಲಕ್ಕೆ ಹಿಂಬದಿಯ ಎರಡು ಮೂಲೆಗಳಲ್ಲಿ ಹೊಸ ತೂತು ಮಾಡಿ, ನೀರು ಅಡ್ಡಪಟ್ಟಿಯ ಮೇಲೆ ಬೀಳದಂತೆ ಚಿಕ್ಕ ಕೊಳವೆ ಇಳಿಸಿದ್ದು ನಾನು ಮಾಡಿದ ಕೆಲಸಗಳಲ್ಲೇ ಹೆಚ್ಚು ಫಲ ಕೊಟ್ಟದ್ದು.

ಪ್ರೈಮರ್, ಸೀಲಂಟ್, ಪುಟ್ಟಿ

ಅಗ್ಗದ ರೆಡ್ ಆಕ್ಸೈಡ್ ಮನೆಯ ಗ್ರಿಲ್ಲಿಗೆ ಸಾಕು, ಮೀನಿನ ಗಾಡಿಗೆ ಸಾಲದು. ಎರಡು ಡಬ್ಬಿಯ ಎಪಾಕ್ಸಿ ಪ್ರೈಮರನ್ನೇ ತೆಗೆದುಕೊಂಡು, ಡಬ್ಬಿಯ ಮೇಲಿನ ಪ್ರಮಾಣದಲ್ಲೇ ಕಲಸಿ, ಹೇಳಿದಷ್ಟು ಹೊತ್ತು ಬಿಟ್ಟು, ಜಿಡ್ಡು ಒರೆಸಿದ ಬರಿ ಲೋಹಕ್ಕೆ ಎರಡು ಕೋಟ್ ಹೊಡೆಯಿರಿ. ಪ್ರೈಮರಿನ ಮೇಲೆ ಎಲ್ಲ ಜೋಡುಗಳಿಗೂ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಬೇಕು. ಸ್ನಾನದ ಮನೆಗೆ ಹಚ್ಚುವ ಸಿಲಿಕೋನ್ ಬೇಡ. ವಿನೆಗರ್ ವಾಸನೆ ಬರುವ ಬಗೆಯದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದರ ಮೇಲೆ ಬಣ್ಣವೂ ಹಿಡಿಯುವುದಿಲ್ಲ.

ಪುಟ್ಟಿ ಎಪಾಕ್ಸಿಯ ಮೇಲೆ ಬರಬೇಕು, 3 ಮಿಲಿಮೀಟರಿಗಿಂತ ದಪ್ಪವಾಗಬಾರದು. ತಗ್ಗು ಅದಕ್ಕಿಂತ ಆಳವಿದ್ದರೆ ಸುತ್ತಿಗೆಯ ಕೆಲಸ ಇನ್ನೂ ಮುಗಿದಿಲ್ಲ ಎಂದರ್ಥ. ನಮ್ಮ ಶೆಡ್ಡುಗಳಲ್ಲಿ ಪುಟ್ಟಿಯನ್ನು ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜುವ ಅಭ್ಯಾಸವಿದೆ, ದೂಳು ಏಳದ ಕಾರಣ ಅದು ಅನುಕೂಲವೆನಿಸುತ್ತದೆ. ಆದರೆ ಪಾಲಿಯೆಸ್ಟರ್ ಪುಟ್ಟಿ ನೀರನ್ನು ಹೀರುತ್ತದೆ, ಹೀರಿದ ನೀರು ಬಣ್ಣದಡಿಯಲ್ಲಿ ಸಿಕ್ಕಿಹಾಕಿಕೊಂಡು ಕೆಲವು ತಿಂಗಳ ಬಳಿಕ ಗುಳ್ಳೆಯಾಗಿ ಏಳುತ್ತದೆ. ನನ್ನ ಮೊದಲ ಗಾಡಿಯ ಬಲ ಬಾಗಿಲು ಹೀಗೆಯೇ ಹಾಳಾಯಿತು. ಒಣ ಕಾಗದದಿಂದ, ಮಾಸ್ಕ್ ಹಾಕಿ, ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಿರಿ. ವಾಟರ್ ಪೇಪರಿಗೆ ಮುಂದಿನ ಸರ್ಫೇಸರ್ ಕೋಟಿನ (ಪುಟ್ಟಿಯ ಮೇಲೆ, ಮೇಲ್ಬಣ್ಣಕ್ಕೆ ಮುನ್ನ ಹೊಡೆಯುವ ಕೋಟು) ಮೇಲೆ ಅವಕಾಶ ಇದ್ದೇ ಇದೆ. ಮೊದಲು 400ರ ಪೇಪರ್, ಆಮೇಲೆ 600ರದು.

ಮೇಲ್ಬಣ್ಣ

ಬಣ್ಣ ಬದಲಾಯಿಸುವುದಾದರೆ ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ದಾಖಲಿಸಿಕೊಳ್ಳಬೇಕು. ಹಳೆಯ ಬಣ್ಣವನ್ನೇ ಉಳಿಸಿಕೊಂಡರೆ ಆ ಓಡಾಟವಿಲ್ಲ. ಪ್ರತಿಫಲಿಸುವ ಟೇಪುಗಳನ್ನು ಹೊಸದಾಗಿ ಅಂಟಿಸುವುದನ್ನು ಮರೆಯಬೇಡಿ, ಎಫ್‌ಸಿಯಲ್ಲಿ ಅವನ್ನು ನೋಡುತ್ತಾರೆ.

ಡಿಸೆಂಬರಿನಲ್ಲೂ ಬೆಳಿಗ್ಗೆ ತಗಡಿನ ಮೇಲೆ ಇಬ್ಬನಿ ಕೂತಿರುತ್ತದೆ, ಮಧ್ಯಾಹ್ನದ ಮೇಲೆ ಕಡಲಗಾಳಿ ಉಪ್ಪನ್ನು ಹೊತ್ತು ತರುತ್ತದೆ. ನಾನು ಹತ್ತು ಗಂಟೆಗೆ ಶುರು ಮಾಡಿ ಎರಡರೊಳಗೆ ಮುಗಿಸುತ್ತೇನೆ. ಉಪಕರಣವಿಲ್ಲದೆ ಮಾಡಬಹುದಾದ ಒಂದು ಪರೀಕ್ಷೆಯಿದೆ: ಒದ್ದೆ ಬಟ್ಟೆಯಿಂದ ತಗಡಿನ ಒಂದು ಗೇಣು ಜಾಗ ಒರೆಸಿ ಗಡಿಯಾರ ನೋಡಿ, ಕಾಲು ಗಂಟೆಯಲ್ಲಿ ತೇವ ಆರದಿದ್ದರೆ ಆ ದಿನ ಬಣ್ಣ ಬೇಡ. ಕಂಪ್ರೆಸರ್ ಟ್ಯಾಂಕಿನ ತಳದ ನಲ್ಲಿಯನ್ನು ಶುರುವಿಗೆ ಮುನ್ನ ತಿರುಗಿಸಿ ನೀರು ಬಿಡಿ, ನಮ್ಮ ಹವೆಯಲ್ಲಿ ಒಂದೇ ದಿನಕ್ಕೆ ಚಹಾ ಬಣ್ಣದ ನೀರು ಸಾಕಷ್ಟು ಸೇರಿರುತ್ತದೆ, ಗನ್ನಿನಿಂದ ಅದರ ಒಂದು ಹನಿ ಹಾರಿದರೂ ಕಲೆ ಉಳಿಯುತ್ತದೆ. ಥಿನ್ನರ್ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದರಿಂದ ಅಗ್ಗದ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣಕ್ಕೆ ಬಿಳಿ ಮುಸುಕು ಬರುತ್ತದೆ. ಪಿಯು ಬಣ್ಣ ಇದಕ್ಕಿಂತ ಬಾಳಿಕೆಯದು. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇದ್ದು ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಮುಖಕ್ಕೆ ಬೈರಾಸು ಕಟ್ಟಿಕೊಂಡು ಹೊಡೆಯುವುದು ಸಲ್ಲದು. ಸರಿಯಾದ ಮಾಸ್ಕ್ ಇಲ್ಲದಿದ್ದರೆ ಈ ಹಂತವನ್ನು ಸೌಕರ್ಯವಿರುವ ಪೇಂಟಿಂಗ್ ಬೂತಿಗೆ ಬಿಟ್ಟುಬಿಡಿ. ಹತ್ತು ಹದಿನೈದು ನಿಮಿಷದ ಅಂತರದಲ್ಲಿ ಮೂರು ತೆಳು ಕೋಟ್ ಸಾಕು.

ಒಳಗಿನ ಟೊಳ್ಳುಗಳು ಮತ್ತು ಮುಂದಿನ ಪಾಲನೆ

ಬಾಗಿಲು, ಫುಟ್‌ಬೋರ್ಡು, ಅಡ್ಡಪಟ್ಟಿಗಳ ಟೊಳ್ಳುಗಳಿಗೆ ಬಣ್ಣ ತಲುಪುವುದಿಲ್ಲ. ವೆಲ್ಡಿಂಗೆಲ್ಲ ಮುಗಿದು ಬಣ್ಣ ಒಣಗಿದ ಮೇಲೆ ನೀರಿನ ತೂತುಗಳ ಮೂಲಕ ಉದ್ದ ಕೊಳವೆಯಿಂದ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ, ಅದು ಗಟ್ಟಿಯಾಗುವ ಮುನ್ನ ತೂತುಗಳಿಗೆ ತಂತಿ ಹಾಕಿ ಬಿಡಿಸಿ. ಗಾಡಿಯಡಿಗೆ ಡೀಸೆಲ್ ಬೆರೆಸಿದ ವೇಸ್ಟ್ ಆಯಿಲ್ ಹೊಡೆಸುವ ಪದ್ಧತಿ ನಮ್ಮಲ್ಲಿ ಹಳೆಯದು. ಅದು ತುಕ್ಕನ್ನು ಸ್ವಲ್ಪ ತಡೆಯುತ್ತದೆ ನಿಜ, ಆದರೆ ರಬ್ಬರ್ ಬುಷ್‌ಗಳನ್ನೂ ಬ್ರೇಕ್ ಹೋಸುಗಳನ್ನೂ ಉಬ್ಬಿಸುತ್ತದೆ, ಅಂಗಳದಲ್ಲಿ ತೊಟ್ಟಿಕ್ಕಿ ಬಾವಿಯ ಕಡೆ ಹೋಗುತ್ತದೆ, ನಾನು ಬಿಟ್ಟಿದ್ದೇನೆ. ದೋಣಿಗೆ ಬಳಿಯುವ ಗೇರೆಣ್ಣೆಯನ್ನು ಡಾಲಾದ ಮರದ ಹಲಗೆಗಳಿಗೆ ಹಚ್ಚಬಹುದು, ಕೈಗೆ ತಾಗಿದರೆ ಚರ್ಮ ಸುಡುತ್ತದೆಂಬ ಎಚ್ಚರವಿರಲಿ.

ಮೀನು ಇಳಿಸಿದ ದಿನವೇ ಡಾಲಾವನ್ನು ಸಿಹಿನೀರಿನಿಂದ ತೊಳೆದು, ಗಾಡಿಯ ಮೂತಿ ಸ್ವಲ್ಪ ಎತ್ತರದಲ್ಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ನೀರು ಹಿಂದಿನ ತೂತುಗಳಿಂದ ತಾನಾಗಿ ಇಳಿದುಹೋಗುತ್ತದೆ. ಮೇ ಕೊನೆಗೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಮ್ಯಾಟ್ ಎತ್ತಿ ಬಿಸಿಲಿಗೆ ಹಾಕಿ, ಎಲ್ಲ ತೂತುಗಳಿಗೂ ತಂತಿ ಹಾಕಿ ನೋಡಿ. ಬಣ್ಣಕ್ಕೆ ಕಲ್ಲು ಬಡಿದು ಎದ್ದ ಚೂರುಗಳಿಗೆ ಅಂದೇ ಒಂದು ತೊಟ್ಟು ಎಪಾಕ್ಸಿ ಮುಟ್ಟಿಸಿ. ನನ್ನ ಗಾಡಿಯ ಸೀಟಿನ ಹಿಂದೆ ಒಂದು ತುಂಡು ಸೈಕಲ್ ಕಡ್ಡಿ ಅದಕ್ಕೆಂದೇ ಇದೆ. ಕಳೆದ ಸಲ ಎಡ ಬಾಗಿಲಿನ ತೂತಿಗೆ ಅದನ್ನು ಹಾಕಿದಾಗ ಒಂದು ಮೀನಿನ ಹುರುಪೆ ಮತ್ತು ನಾಲ್ಕು ಹನಿ ತಿಳಿನೀರು ಬಂತು.